ಗಂಜಿ ಕುಡಿದ ಹೃದಯ

ಗುರುವಾರ ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತಿದ್ದ ಹೊತ್ತಿಗೆ ಹೃದಯ ಶಸ್ತ್ರಚಿಕಿತ್ಸಕರ ಫೋನ್ ಬಂತು. ಅವರು ಪೀಠಿಕೆ ಹಾಕಿ ಮಾತಾಡುವವರಲ್ಲ.

"ಮೇಡಂ, ಒಂದು ವಾಲ್ವ್ ಕೇಸಿದೆ. ಐದು ವಾರದಿಂದ ಜ್ವರ. ವಾಲ್ವಲ್ಲಿ ಸೋಂಕಿದೆಯೋ ಇಲ್ವೋ ಅಂತ ನಿಮ್ಮ ಸ್ಕ್ಯಾನ್ ಹೇಳ್ಬೇಕು. ಸೋಮವಾರ ಆಪರೇಷನ್‌ಗೆ ಇಟ್ಕೊಂಡಿದ್ದೀನಿ."

"ಶನಿವಾರ ಬೆಳಿಗ್ಗೆ ಮಾಡ್ಬಹುದು ಸರ್. ನಾಳೆ ಒಂದು ದಿನ ಪಥ್ಯ ಬೇಕು," ಎಂದೆ. ನಾಳೆ ಯಾವ ವಾರ, ನಡೆಯುತ್ತಿರುವುದು ಯಾವ ಕಾಲ ಎಂಬುದು ಆಗ ನನ್ನ ತಲೆಗೆ ಹೊಳೆಯಲಿಲ್ಲ.

ಮೈಸೂರಿನ ಒಂದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೂತು ಪೆಟ್ ಸ್ಕ್ಯಾನ್ ಓದುವುದು ನನ್ನ ಕೆಲಸ. ನಮ್ಮಲ್ಲಿಗೆ ಬರುವವರು ಬಹುಮಟ್ಟಿಗೆ ಕ್ಯಾನ್ಸರ್ ರೋಗಿಗಳು. ಹೃದಯದ ಕವಾಟದ, ಅಂದರೆ ವಾಲ್ವಿನ, ಸೋಂಕು ಹುಡುಕಿಕೊಂಡು ಬರುವವರು ಅಪರೂಪ. ಅಪರೂಪದ ಕೇಸು ಅಂದರೆ ನನಗೆ ಹಸಿವು ನಿದ್ದೆ ಬೇಡ. ಯಾವುದನ್ನೂ ಕೆದಕದೆ ಬಿಡದ ಈ ಚಟಕ್ಕೆ ಕೆಸರೆಯಲ್ಲಿರುವ ನನ್ನ ಅಮ್ಮ ಇಂದಿಗೂ ಬೈಯುತ್ತಾಳೆ. ಊಟ ಮಾಡುವ ಬದಲು ಹುಳಿಯಲ್ಲಿ ಏನೇನು ಹಾಕಿದ್ದೀಯೆಂದು ವಿಚಾರಿಸುವವಳು ಅಂತ ಅವಳ ದೂರು.

ರೋಗಿ ಐವತ್ತು ದಾಟಿದ ಮೆಕ್ಯಾನಿಕ್. ಉದಯಗಿರಿಯಲ್ಲಿ ಸ್ಕೂಟರ್ ರಿಪೇರಿಯ ಸಣ್ಣ ಅಂಗಡಿ. ಚಿಕ್ಕಂದಿನಲ್ಲಿ ಬಂದ ಕೀಲುಜ್ವರ ಹೃದಯದ ಒಂದು ಕವಾಟವನ್ನು ಹಾಳುಮಾಡಿತ್ತು. ಒಂಬತ್ತು ವರ್ಷದ ಹಿಂದೆ ಎದೆ ತೆರೆದು ಅದರ ಜಾಗದಲ್ಲಿ ಲೋಹದ ಕವಾಟ ಕೂರಿಸಿದ್ದರು. ಈಗ ದಿನಾ ಸಂಜೆ ಜ್ವರ, ತೂಕ ಇಳಿಯುತ್ತಿತ್ತು. ಅಂಗಡಿ ಪಕ್ಕದ ಕ್ಲಿನಿಕ್ಕಿನಲ್ಲಿ ಮೊದಲೇ ಆ್ಯಂಟಿಬಯೋಟಿಕ್ ನುಂಗಿ ಬಂದಿದ್ದರಿಂದ ರಕ್ತದ ಪರೀಕ್ಷೆಯಲ್ಲಿ ಯಾವ ಕ್ರಿಮಿಯೂ ಬೆಳೆಯಲಿಲ್ಲ. ಬಾಯಿಂದ ನಳಿಗೆ ಇಳಿಸಿ ಎಕೋ ಮಾಡಿದರೆ ಲೋಹದ ನೆರಳು ಅಡ್ಡ ಬರುತ್ತಿತ್ತು. ಆ ನೆರಳಿನ ಅಂಚಿನಲ್ಲಿ ಏನೋ ದಪ್ಪಗೆ ಕಾಣುತ್ತಿತ್ತು. ಹಳೆಯ ಹೊಲಿಗೆಯ ಗಾಯ ಇರಬಹುದು, ರಕ್ತದ ಹೆಪ್ಪು ಇರಬಹುದು, ಕೀವು ಇರಬಹುದು. ಕೀವಾದರೆ ಎದೆ ಮತ್ತೆ ತೆರೆದು ಕವಾಟ ಬದಲಿಸಬೇಕು. ಎರಡನೆಯ ಸಲ ತೆರೆಯುವುದು ಮೊದಲನೆಯ ಸಲದಂತಲ್ಲ, ಮೇಜಿನ ಮೇಲೆಯೇ ಜೀವ ಹೋಗುವ ಭಯ ಇರುತ್ತದೆ. ಕೀವಲ್ಲದಿದ್ದರೆ ಆ ಗಂಡಾಂತರವೆಲ್ಲ ವೃಥಾ.

ನಮ್ಮ ಸ್ಕ್ಯಾನಿನ ಉಪಾಯ ಸರಳ. ಸ್ವಲ್ಪ ವಿಕಿರಣ ಸೇರಿಸಿದ ಸಕ್ಕರೆಯನ್ನು ನರಕ್ಕೆ ಚುಚ್ಚುತ್ತೇವೆ. ಸೋಂಕಿನ ಜಾಗಕ್ಕೆ ಮುತ್ತಿಕೊಂಡ ಜೀವಕೋಶಗಳು ಆ ಸಕ್ಕರೆಯನ್ನು ಗಬಗಬ ತಿನ್ನುತ್ತವೆ, ಪರದೆಯ ಮೇಲೆ ಆ ಜಾಗ ಹೊಳೆಯುತ್ತದೆ. ತೊಂದರೆ ಏನೆಂದರೆ ಹೃದಯದ ಸ್ನಾಯುವೂ ಸಕ್ಕರೆ ತಿನ್ನುತ್ತದೆ. ಅದು ಹೊಳೆದರೆ ಅದರೊಳಗಿನ ಕವಾಟ ಕಾಣುವುದಿಲ್ಲ. ಆದ್ದರಿಂದ ಹಿಂದಿನ ದಿನ ಅನ್ನ, ಚಪಾತಿ, ಮುದ್ದೆ, ಹಾಲು, ಹಣ್ಣು ಎಲ್ಲ ನಿಲ್ಲಿಸಿ ಬರೀ ಮೊಟ್ಟೆ, ಮಾಂಸ, ಪನೀರ್, ತುಪ್ಪ ಕೊಡುತ್ತೇವೆ. ರಾತ್ರಿ ಎಂಟರ ಮೇಲೆ ನೀರು ಮಾತ್ರ. ಕೊಬ್ಬಿನ ಮೇಲೆ ಒಂದು ದಿನ ಕಳೆದ ಹೃದಯ ಸಕ್ಕರೆ ಕಡೆ ಮುಖ ಮಾಡುವುದಿಲ್ಲ.

ಪಥ್ಯದ ಪಟ್ಟಿಯನ್ನು ವಾರ್ಡಿಗೆ ಕಳಿಸಿದೆ. ನರ್ಸ್ ಓದಿ ಹೇಳಿದರು, ರೋಗಿ ತಲೆಯಾಡಿಸಿದರು. ಊಟ ಮನೆಯಿಂದ ಹೆಂಡತಿ ತರುತ್ತಿದ್ದರು.

ಶನಿವಾರ ಬೆಳಿಗ್ಗೆ ಬೆಂಗಳೂರಿನಿಂದ ಸೀಸದ ಡಬ್ಬಿಯಲ್ಲಿ ಔಷಧಿ ಬಂತು. ಎರಡು ಗಂಟೆ ಕಾಲ ಕಳೆಯುವುದರೊಳಗೆ ಅರ್ಧ ಶಕ್ತಿ ಕಳೆದುಕೊಳ್ಳುವ ಸರಕು ಅದು, ಆ ವ್ಯಾನ್ ಬರುವ ತನಕ ನಮಗೆ ಯಾರಿಗೂ ಸಮಾಧಾನ ಇರುವುದಿಲ್ಲ. ಟೆಕ್ನಿಷಿಯನ್ ರೋಗಿಯನ್ನು ಕೂರಿಸಿಕೊಂಡು ಪ್ರಶ್ನೆಪಟ್ಟಿ ಹಿಡಿದರು. ಅನ್ನ? ಇಲ್ಲ. ಚಪಾತಿ? ಇಲ್ಲ. ಮುದ್ದೆ? ಬ್ರೆಡ್ಡು? ಸಿಹಿ? ಹಣ್ಣು? ಹಾಲು? ಎಲ್ಲಕ್ಕೂ ಇಲ್ಲ. ಬೆರಳಿಗೆ ಚುಚ್ಚಿ ನೋಡಿದ ಸಕ್ಕರೆಯೂ ಸರಿಯಾಗಿತ್ತು. ಇಂಜೆಕ್ಷನ್ ಕೊಟ್ಟು ಒಂದು ಗಂಟೆ ಮಾತಿಲ್ಲದೆ ಮಲಗಿಸಿ, ಆಮೇಲೆ ಯಂತ್ರದೊಳಗೆ ಕಳಿಸಿದೆವು.

ಪರದೆಯ ಮೇಲೆ ಚಿತ್ರ ಮೂಡಿದಾಗ ನಾನು ಕುರ್ಚಿಯಿಂದ ಎದ್ದೆ. ಹೃದಯ ಇಡಿಯಾಗಿ ಧಗಧಗ ಹೊಳೆಯುತ್ತಿತ್ತು. ಕವಾಟವನ್ನು ಆ ಬೆಳಕು ನುಂಗಿಬಿಟ್ಟಿತ್ತು.

"ಪಥ್ಯ ಮಾಡಿಲ್ಲ ಇವ್ರು," ಎಂದರು ಟೆಕ್ನಿಷಿಯನ್.

"ಮಾಡಿದೀನಿ ಅಂದ್ರಲ್ಲ."

"ಅಂದ್ರು. ನಾನು ಎಲ್ಲಾ ಕೇಳಿದೀನಿ ಮೇಡಂ, ಒಂದೂ ಬಿಟ್ಟಿಲ್ಲ."

ಹತ್ತು ನಿಮಿಷಕ್ಕೆ ಶಸ್ತ್ರಚಿಕಿತ್ಸಕರ ಫೋನ್. ಹೃದಯ ಪೂರ್ತಿ ಹೊಳೆಯುತ್ತಿದೆ, ಕವಾಟದ ಬಗ್ಗೆ ಏನೂ ಹೇಳಲಾಗದು ಎಂದೆ.

"ಹೊಳೀತಿದೆ ಅಂದ್ಮೇಲೆ ಸೋಂಕು ಇರಲೂಬಹುದಲ್ವಾ? ಹಾಗಂತ ಬರೆದುಕೊಡಿ. ಉಳಿದದ್ದು ನನಗೆ ಬಿಡಿ."

ಸಂಜೆವರೆಗೆ ಸಮಯ ಕೊಡಿ ಎಂದು ಫೋನ್ ಇಟ್ಟೆ. ನಿಜ ಹೇಳಬೇಕೆಂದರೆ ಬರೆದುಕೊಟ್ಟುಬಿಡೋಣ ಅನ್ನಿಸಿತ್ತು. 'ಇರಬಹುದು' ಎಂದು ಬರೆದವರನ್ನು ಯಾರೂ ತಪ್ಪು ಹಿಡಿಯುವುದಿಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ ಒಂದು ಪ್ರಶ್ನೆ ತಲೆ ತಿನ್ನುತ್ತಿತ್ತು. ಈ ಹೃದಯಕ್ಕೆ ಸಕ್ಕರೆ ಎಲ್ಲಿಂದ ಸಿಕ್ಕಿತು?

ಮೊದಲ ಗುಮಾನಿ ಡ್ರಿಪ್ ಮೇಲೆ. ಆ್ಯಂಟಿಬಯೋಟಿಕ್ಕನ್ನು ಗ್ಲೂಕೋಸ್ ನೀರಿನಲ್ಲಿ ಬೆರೆಸಿ ಹಾಕಿರಬಹುದೆಂದು ವಾರ್ಡಿಗೆ ಹೋಗಿ ಬಾಟಲಿ ತಿರುಗಿಸಿ ನೋಡಿದೆ. ಬರೀ ಉಪ್ಪುನೀರು. ಕಸದ ಬುಟ್ಟಿಯಲ್ಲಿದ್ದ ಹಿಂದಿನ ದಿನದ ಬಾಟಲಿಗಳನ್ನೂ ನೋಡಿದೆ. ನರ್ಸ್ ನನ್ನನ್ನು ವಿಚಿತ್ರವಾಗಿ ನೋಡಿದರು. ಎರಡನೆಯ ಗುಮಾನಿ ಕೆಮ್ಮಿನ ಸಿರಪ್ ಮೇಲೆ. ಅದನ್ನು ಬರೆದೇ ಇರಲಿಲ್ಲ. ಉಳಿದವರು ರೋಗಿಯೊಬ್ಬರೇ.

ಚಿತ್ರವನ್ನು ಬಣ್ಣದಲ್ಲಿ ಪ್ರಿಂಟ್ ಮಾಡಿಸಿಕೊಂಡು ಅವರ ಮಂಚದ ಪಕ್ಕ ಕೂತೆ. ತೆಳ್ಳನೆಯ ಮನುಷ್ಯ, ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸು. ಹೆಂಡತಿ ಕಿಟಕಿ ಹತ್ತಿರ ಸ್ಟೂಲಿನ ಮೇಲಿದ್ದರು. ಬೈಯುವ ಉದ್ದೇಶ ನನಗಿರಲಿಲ್ಲ. ಬೈದರೆ ಜನ ಸುಳ್ಳು ಹೇಳುತ್ತಾರೆ, ಚಿತ್ರ ತೋರಿಸಿದರೆ ನಿಜ ಹೇಳುತ್ತಾರೆ ಎಂಬುದು ನನ್ನ ಅನುಭವ.

"ಇದು ನಿಮ್ಮ ಹೃದಯ. ನಾವು ಹಾಕಿದ ಸಕ್ಕರೆ ಪೂರ್ತಿ ಇದೇ ತಿಂದುಬಿಟ್ಟಿದೆ. ಅದಕ್ಕೆ ವಾಲ್ವ್ ಕಾಣ್ತಿಲ್ಲ," ಎಂದೆ.

ಅವರು ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಕಾರ್ಬೊರೇಟರ್ ಓವರ್‌ಫ್ಲೋ ಆದಂಗಾಗದೆ," ಎಂದರು. "ಎಂಗೆ ಮೇಡಂ? ಸಕ್ಕರೆ ತಿನ್ಬಾರ್ದು ಅಂತಾನೇ ಅಲ್ವಾ ಪಥ್ಯ?"

"ನಿನ್ನೆ ಮೊಟ್ಟೆ ಎಷ್ಟು ತಿಂದ್ರಿ?"

ಹೆಂಡತಿ ಗಂಡನ ಮುಖ ನೋಡಿದರು, ಗಂಡ ಕಾಗದ ನೋಡುತ್ತಿದ್ದರು.

"ಏಳ್ಬುಡಿ," ಎಂದರು ಹೆಂಡತಿ. ಆಮೇಲೆ ತಾವೇ ಹೇಳಿದರು: "ನಿನ್ನೆ ಶುಕ್ರವಾರ ಅಲ್ವಾ ಮೇಡಂ. ನಮ್ಗೀಗ ತಪಸ್ಸುಕಾಲ, ಈಸ್ಟರ್‌ಗೆ ಮುಂಚಿನ ಉಪವಾಸ. ಶುಕ್ರವಾರ ಇವ್ರು ಸಂಜೆ ತಂಕ ಏನೂ ಮುಟ್ಟಲ್ಲ. ಏಳು ಗಂಟೆಗೆ ಒಂದು ಲೋಟ ಗಂಜಿ, ಅಷ್ಟೇ. ಫ್ಲಾಸ್ಕಲ್ಲಿ ನಾನೇ ತಂದ್ಕೊಟ್ಟೆ."

ಗಂಜಿ. ನಮ್ಮ ಪ್ರಶ್ನೆಪಟ್ಟಿಯಲ್ಲಿ ಅದೊಂದು ಇರಲಿಲ್ಲ. ನಮ್ಮ ಕಡೆ ಗಂಜಿಯನ್ನು ಯಾರು ಊಟವೆಂದು ಲೆಕ್ಕಕ್ಕೆ ಹಿಡಿಯುತ್ತಾರೆ? 'ಏನೂ ತಿಂದಿಲ್ಲ, ಬರೀ ಗಂಜಿ' ಎನ್ನುತ್ತೇವೆ. ಪಟ್ಟಿ ಬರೆದವಳು ನಾನೇ. ನನ್ನ ಅಮ್ಮನೂ ಹುಷಾರಿಲ್ಲದಾಗ ಹಾಗೇ ಅನ್ನುತ್ತಾಳೆ.

"ಆಸ್ಪತ್ರೇಲಿರೋರು ಉಪವಾಸ ಮಾಡ್ಬೇಕಾಗಿಲ್ಲ ಅಂತ ಫಾದರ್ರೇ ಏಳವ್ರೆ. ಇವ್ರು ಕೇಳಲ್ಲ," ಎಂದು ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡರು.

"ಫಾದರ್ ಮಾತಲ್ಲ ಕಣೆ ಇದು, ನಂದು," ಎಂದರು ಅವರು. ಆಮೇಲೆ ನನ್ನ ಕಡೆ ತಿರುಗಿದರು. "ಈ ವಾಲ್ವ್ ಆಕಿದ್ರಲ್ಲ ಮೇಡಂ, ಆವತ್ತು ಮಾತು ಕೊಟ್ಟಿದ್ದೆ. ಬದುಕ್ಕೊಂಡ್ರೆ ಇರೋಗಂಟ ತಪಸ್ಸುಕಾಲದ ಶುಕ್ರವಾರ ಬರೀ ಗಂಜಿ ಅಂತ. ಒಂಬತ್ತು ವರ್ಷ ತಪ್ಪಿಲ್ಲ. ಸುಳ್ಳು ಏಳ್ಲಿಲ್ಲ ನಾನು. ಅನ್ನ ತಿಂದ್ರಾ ಅಂತ ಕೇಳಿದ್ರು, ಇಲ್ಲ ಅಂದೆ."

ಆ ಕವಾಟಕ್ಕಾಗಿ ಹೊತ್ತ ಹರಕೆಯೇ ಆ ಕವಾಟವನ್ನು ನನ್ನಿಂದ ಮುಚ್ಚಿಟ್ಟಿತ್ತು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾಚಿಕೆಯಂತೂ ಆಯಿತು. ರೋಗಿಯ ತೂಕ ಕೇಳಿದ್ದೆ, ಅಲರ್ಜಿ ಕೇಳಿದ್ದೆ, ಯಾವ ಮಾತ್ರೆ ಎಷ್ಟು ಹೊತ್ತಿಗೆ ಎಂದು ಕೇಳಿದ್ದೆ. ಈ ಊರಿನಲ್ಲಿ ಹುಟ್ಟಿ ಬೆಳೆದು, ಶಾಲೆಯಲ್ಲಿ ಕ್ರೈಸ್ತ ಗೆಳತಿಯರ ಜೊತೆ ಕೂತು ಉಂಡವಳು, ಮಾರ್ಚ್ ತಿಂಗಳ ಶುಕ್ರವಾರಕ್ಕೆ ಮಾಂಸದ ಪಥ್ಯ ಬರೆದುಕೊಟ್ಟಿದ್ದೆ.

ಕಾರಣ ಸಿಕ್ಕಿತು, ಉತ್ತರ ಸಿಗಲಿಲ್ಲ. ಮುಂದಿನ ಔಷಧಿ ಬರುವುದು ಮಂಗಳವಾರ. ಸಂಜೆ ಶಸ್ತ್ರಚಿಕಿತ್ಸಕರ ಕೋಣೆಗೇ ಹೋದೆ.

"ಮಂಗಳವಾರ ಮತ್ತೆ ಮಾಡ್ತೀನಿ ಸರ್. ಆಪರೇಷನ್ ಬುಧವಾರಕ್ಕೆ ಇಟ್ಕೊಳ್ಳಿ."

"ಅಷ್ಟರಲ್ಲಿ ವಾಲ್ವಿಂದ ಒಂದು ಚೂರು ಕಳಚಿ ಮಿದುಳಿಗೆ ಹೋದ್ರೆ?" ಎಂದು ಕೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅಂಥದ್ದನ್ನು ಕಣ್ಣಾರೆ ಕಂಡವರ ದನಿ ಅದು.

"ಆ ಭಯ ನನಗೂ ಇದೆ ಸರ್. ಆದರೆ ಈ ಚಿತ್ರ ನಂಬಿ ನೀವು ಎದೆ ತೆರೆದ್ರೆ, ನಾನು ಗೊತ್ತಿಲ್ಲದ್ದನ್ನ ಗೊತ್ತಿದೆ ಅಂದ ಹಾಗಾಗುತ್ತೆ. ಹಾಗೆ ನಾನು ಬರೆಯಲ್ಲ."

"ಮಂಗಳವಾರವೂ ಹೀಗೇ ಹೊಳೆದ್ರೆ?"

ಅದೂ ಸಾಧ್ಯವಿತ್ತು. ಪಥ್ಯ ಕಟ್ಟುನಿಟ್ಟಾಗಿ ಮಾಡಿದರೂ ಕೆಲವರ ಹೃದಯ ಸಕ್ಕರೆ ಬಿಡುವುದಿಲ್ಲ. "ಆಗ ನಿಮ್ಮ ತೀರ್ಮಾನ," ಎಂದೆ. ಅವರು ಕ್ಯಾಲೆಂಡರಿನಲ್ಲಿ ಸೋಮವಾರದ ಗುರುತು ಹೊಡೆದು ಬುಧವಾರಕ್ಕೆ ಹಾಕಿಕೊಂಡು, ರೋಗಿಯನ್ನು ಐಸಿಯುಗೆ ಸಾಗಿಸಲು ಹೇಳಿದರು. ಆ ಭಾನುವಾರ ನಾನು ಐಸಿಯುಗೆ ಎಷ್ಟು ಸಲ ಫೋನ್ ಮಾಡಿದೆನೆಂದರೆ, ಕೊನೆಗೆ ನರ್ಸ್ ನನ್ನ ದನಿ ಕೇಳಿದ ಕೂಡಲೇ "ಮಾತಾಡ್ತಿದ್ದಾರೆ ಮೇಡಂ, ಕೈಕಾಲು ಆಡ್ತಿದೆ" ಎನ್ನತೊಡಗಿದರು.

ಸೋಮವಾರದ ಪಥ್ಯವನ್ನು ನಾನೇ ಕಾದು ನಿಂತು ಮಾಡಿಸಿದೆ. ಉಪವಾಸದ ನಲವತ್ತು ದಿನವೂ ಅವರ ಮನೆಯಲ್ಲಿ ಮಾಂಸ ಮೊಟ್ಟೆ ಇಲ್ಲ, ಮೀನು ಉಂಟು. ಸರಿ, ಮೀನೇ ಆಗಲಿ ಎಂದೆ. ಬೆಳಿಗ್ಗೆ ತುಪ್ಪದಲ್ಲಿ ಹುರಿದ ಪನೀರ್ ಆಯಿತು. ಮಧ್ಯಾಹ್ನ ಹೆಂಡತಿ ಡಬ್ಬಿ ತಂದರು. ಮುಚ್ಚಳ ತೆಗೆದರೆ ಘಮಘಮ ಮೀನು, ಹೊಂಬಣ್ಣಕ್ಕೆ ಗರಿಗರಿಯಾಗಿ ಹುರಿದದ್ದು. ನನ್ನ ಅಮ್ಮ ದೂರುವ ಚಟ ಆ ದಿನ ಉಪಯೋಗಕ್ಕೆ ಬಂತು.

"ಇಷ್ಟು ಗರಿಗರಿ ಹೇಗಾಯ್ತು? ಏನು ಹಚ್ಚಿದ್ರಿ?"

"ಏನಿಲ್ಲ ಮೇಡಂ. ಖಾರ, ಅರಿಶಿನ, ಉಪ್ಪು."

"ಆಮೇಲೆ?"

"ಆಮೇಲೆ ಒಂಚೂರು ಚಿರೋಟಿ ರವೆ. ಅದಿಲ್ದಿದ್ರೆ ಮೀನು ತವಾಗೆ ಅಂಟ್ಕೊಂಬುಡ್ತದೆ." ಹೇಳುತ್ತ ಹೇಳುತ್ತಲೇ ಅವರ ಕೈ ಬಾಯಿಗೆ ಹೋಯಿತು. "ಅಯ್ಯೋ, ಅದೂ ಗೋಧಿನೇ ಅಲ್ವಾ."

ಪಾಪ, ಆ ಬಿಸಿಲಿನಲ್ಲಿ ಮತ್ತೆ ಉದಯಗಿರಿಗೆ ಹೋಗಿ ರವೆಯಿಲ್ಲದ ಮೀನು ಹುರಿದು ತಂದರು. ಅದು ಹೇಳಿದಂತೆಯೇ ತವಾಗೆ ಅಂಟಿ ಚೂರು ಚೂರಾಗಿತ್ತು. ರೋಗಿ ಒಂದು ಚೂರೂ ಬಿಡದೆ ತಿಂದರು. ರವೆ ಹಚ್ಚಿದ ಮೀನನ್ನು ನಮ್ಮ ಟೆಕ್ನಿಷಿಯನ್ ವಿಲೇವಾರಿ ಮಾಡಿದರು, ಪನೀರ್ ತಿಂದು ಬೇಜಾರಾಗಿದ್ದ ರೋಗಿಯ ಕಣ್ಣೆದುರೇ.

ಮಂಗಳವಾರ ವ್ಯಾನ್ ಹೆದ್ದಾರಿಯಲ್ಲಿ ಸಿಕ್ಕಿಹಾಕಿಕೊಂಡಿತು. ಅದು ಬರುವಷ್ಟರಲ್ಲಿ ಔಷಧಿಯ ಶಕ್ತಿ ಲೆಕ್ಕಕ್ಕಿಂತ ಇಳಿದಿತ್ತು. ಅಂದು ಇದ್ದ ಇನ್ನೊಬ್ಬ ರೋಗಿಯನ್ನು ಕೇಳಿ, ಅವರ ಒಪ್ಪಿಗೆ ಪಡೆದು ಮರುದಿನಕ್ಕೆ ಕಳಿಸಿದೆವು. ಮೆಕ್ಯಾನಿಕ್ಕಿಗೆ ಸಾಲುವಷ್ಟು ಔಷಧಿ ಉಳಿಯಿತು. ಹಿಂದಿನ ಸಲ ಬಳಸಿದಷ್ಟು ಇಲ್ಲವಾದ್ದರಿಂದ ಯಂತ್ರದೊಳಗೆ ಹೆಚ್ಚು ಹೊತ್ತು ಮಲಗಿಸಿದೆವು.

ಚಿತ್ರ ಮೂಡಿತು. ಹೃದಯ ಇರಬೇಕಾದ ಜಾಗ ಕತ್ತಲಾಗಿತ್ತು. ಟೆಕ್ನಿಷಿಯನ್ "ಗಂಜಿ ಇಲ್ಲ ಮೇಡಂ" ಎಂದರು. ನನಗೆ ನಗು ಬರಲಿಲ್ಲ, ಯಾಕೆಂದರೆ ಆ ಕತ್ತಲೆಯಲ್ಲಿ ಕವಾಟದ ಉಂಗುರದ ಒಂದು ಬದಿ ಮಂಕಾಗಿ ಹೊಳೆಯುತ್ತಿತ್ತು.

ಇಲ್ಲಿ ಅವಸರ ಮಾಡುವ ಹಾಗಿಲ್ಲ. ಕಂಪ್ಯೂಟರ್ ಚಿತ್ರವನ್ನು ತಿದ್ದಿ ಕೊಡುತ್ತದೆ. ದೇಹದ ಆಳದಿಂದ ಬರುವ ಬೆಳಕು ದಾರಿಯಲ್ಲಿ ಸೋರಿಹೋಗುವುದನ್ನು ಅಂದಾಜಿಸಿ ಕೂಡಿಸುತ್ತದೆ. ಲೋಹ ಅಡ್ಡ ಬಂದಲ್ಲಿ ಆ ಅಂದಾಜು ತಪ್ಪುತ್ತದೆ, ಇಲ್ಲದ ಹೊಳಪನ್ನು ತಂದಿಡುತ್ತದೆ. ಹಾಗಾಗಿ ತಿದ್ದದ ಕಚ್ಚಾ ಚಿತ್ರವನ್ನೂ ತೆರೆದು ನೋಡಬೇಕು. ತೆರೆದೆ. ಉಂಗುರದ ಹೊಳಪು ಅದರಲ್ಲಿ ಇರಲಿಲ್ಲ. ಮೇಲೆ ಕೆಳಗೆ ಒಂದೊಂದೇ ಪದರ ಸರಿಸಿ ಮೂರು ಸಲ ನೋಡಿದೆ. ಕವಾಟ ಶಾಂತವಾಗಿತ್ತು.

ಸಂತೋಷವಾಯಿತು, ಆದರೆ ಅರೆಬರೆ. ಐದು ವಾರದ ಜ್ವರ ಸುಮ್ಮನೆ ಬರುವುದಿಲ್ಲ. ಕವಾಟದಲ್ಲಿ ಇಲ್ಲವೆಂದಮೇಲೆ ಬೇರೆ ಎಲ್ಲೋ ಇರಬೇಕು. ತಲೆಯಿಂದ ತೊಡೆಯವರೆಗೆ ಮತ್ತೆ ಹೊಸದಾಗಿ ನೋಡುತ್ತ ಬಂದೆ. ಸೊಂಟದ ಮೇಲೆ, ಬೆನ್ನುಮೂಳೆಯಲ್ಲಿ ನಿಂತೆ. ಒಂದರ ಮೇಲೊಂದು ಕೂತ ಎರಡು ಮೂಳೆಗಳ ಎದುರುಬದುರಾದ ಅಂಚುಗಳು ಹೊಳೆಯುತ್ತಿದ್ದವು. ಪಕ್ಕದ ಸ್ನಾಯುವಿನೊಳಕ್ಕೂ ಆ ಹೊಳಪು ಒಂದಿಷ್ಟು ಹರಡಿತ್ತು. ಸವೆತ ಸ್ನಾಯುವಿಗೆ ಹರಡುವುದಿಲ್ಲ. ಹರಡುವುದು ಸೋಂಕು.

ಶಸ್ತ್ರಚಿಕಿತ್ಸಕರು ಕೆಳಗಿಳಿದು ಬಂದು ನನ್ನ ಪಕ್ಕ ಕೂತು ಎಲ್ಲ ನೋಡಿದರು. "ಇಷ್ಟು ದಿನದ ಆ್ಯಂಟಿಬಯೋಟಿಕ್ ವಾಲ್ವಿನ ಹೊಳಪನ್ನ ಅಡಗಿಸಿರಬಹುದಲ್ವಾ?" ಎಂದರು. ಇರಬಹುದು, ಅದನ್ನೂ ವರದಿಯಲ್ಲಿ ಬರೆಯುತ್ತೇನೆ ಎಂದೆ. ಅವರು ಬುಧವಾರದ ಆಪರೇಷನ್ ತೆಗೆದುಹಾಕಿ, ಬೆನ್ನಿಗೆ ಎಂಆರ್‌ಐ ಬರೆದರು. ಆಮೇಲೆ ಸೂಜಿಯಿಂದ ಮೂಳೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಷಯ ಎಂದು ಬಂತು. ಬೆನ್ನುಮೂಳೆಯ ಕ್ಷಯ. ತಿಂಗಳುಗಟ್ಟಲೆ ಮಾತ್ರೆ, ಜೊತೆಗೆ ಲೋಹದ ಕವಾಟಕ್ಕಾಗಿ ನುಂಗುವ ರಕ್ತ ತೆಳುವಾಗಿಸುವ ಮಾತ್ರೆಯ ಮೇಲೆ ದಿನವೂ ಒಂದು ಕಣ್ಣು. ಕವಾಟದ ಬದಿಯ ದಪ್ಪವನ್ನು ಎಕೋದಲ್ಲಿ ಆಗಾಗ ನೋಡುತ್ತಿರುವುದು. ಎದೆ ತೆರೆಯುವ ಮಾತಿಲ್ಲ. ಸುದ್ದಿ ಕೇಳಿ ಹೆಂಡತಿ ಅಲ್ಲೇ ನೆಲದ ಮೇಲೆ ಕೂತು ಜೋರಾಗಿ ಅತ್ತರಂತೆ.

ಮಾತ್ರೆ ಶುರುವಾಗಿ ಜ್ವರ ಇಳಿಯುತ್ತ ಬಂದ ಮೇಲೆ ಒಂದು ಮಧ್ಯಾಹ್ನ ಅವರು ಗಾಲಿಕುರ್ಚಿಯಲ್ಲಿ ನಮ್ಮ ನೆಲಮಾಳಿಗೆಗೆ ಬಂದರು. ಹೆಂಡತಿ ತಳ್ಳಿಕೊಂಡು ಬಂದಿದ್ದರು.

"ಎರಡೂ ಪಟ ಒಟ್ಟಿಗೆ ನೋಡ್ಬೇಕಂತೆ ಮೇಡಂ. ಬ್ಯಾಡ ಅಂದ್ರೂ ಕೇಳ್ಲಿಲ್ಲ," ಎಂದರು ಹೆಂಡತಿ.

ನನ್ನಂಥದ್ದೇ ಇನ್ನೊಂದು ಪ್ರಾಣಿ ಸಿಕ್ಕಿತೆಂದು ಖುಷಿಯಾಯಿತು. ಶನಿವಾರದ್ದನ್ನೂ ಮಂಗಳವಾರದ್ದನ್ನೂ ಅಕ್ಕಪಕ್ಕ ಹಾಕಿದೆ. ಇದು ಗಂಜಿ ಕುಡಿದದ್ದು, ಇದು ಮೀನು ತಿಂದದ್ದು ಎಂದು ತೋರಿಸಿದೆ. ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ ಮುಂದೆ ಬಗ್ಗಿದರು. ಮಂಗಳವಾರದ ಚಿತ್ರದಲ್ಲಿ ಬೆನ್ನುಮೂಳೆಯ ಚುಕ್ಕೆಯ ಮೇಲೆ ಬೆರಳಿಟ್ಟರು. ಆ ಬೆರಳನ್ನು ಹಾಗೇ ಅಡ್ಡಕ್ಕೆ ಸರಿಸುತ್ತ ಶನಿವಾರದ ಚಿತ್ರಕ್ಕೆ ಬಂದು, ಅದೇ ಎತ್ತರದಲ್ಲಿ ನಿಲ್ಲಿಸಿದರು.

"ಇದರಲ್ಲೂ ಅದೆಯಲ್ಲಾ ಮೇಡಂ."

ಇತ್ತು. ಹೃದಯದ ಬೆಂಕಿಯ ಮುಂದೆ ಮಂಕಾಗಿ ಕಂಡಿತ್ತು, ಆದರೆ ಇತ್ತು. ಕಂಡಿರಲಿಲ್ಲ ಎಂದು ಹೇಳಬಹುದಿತ್ತು. ಅವರು ನಂಬುತ್ತಿದ್ದರು.

"ನೋಡಿದ್ದೆ," ಎಂದೆ. "ದಿನಾ ಬಗ್ಗಿ ಕೆಲಸ ಮಾಡೋರು, ಬೆನ್ನು ಸವೆದಿರುತ್ತೆ ಅಂತ ಆವತ್ತಿನ ವರದೀಲಿ ಬರೆದುಬಿಟ್ಟೆ. ನನ್ನ ಗಮನ ಪೂರ್ತಿ ವಾಲ್ವ್ ಮೇಲಿತ್ತು. ತಪ್ಪಾಯ್ತು."

ಅವರು ಪರದೆಯಿಂದ ಬೆರಳು ತೆಗೆಯಲಿಲ್ಲ. "ಜ್ವರ ಬಂದಾಗಿಂದ ನೋಯ್ತಿತ್ತು," ಎಂದರು. "ಗಾಡಿ ಕೆಲ್ಸ ಮಾಡೋರಿಗೆ ಬೆನ್ನು ನೋಯ್ದೆ ಇನ್ನೇನು ಅಂತ ನಾನೂ ಯಾರ್ಗೂ ಏಳ್ಲಿಲ್ಲ."

ಅವರನ್ನು ಲಿಫ್ಟಿನವರೆಗೆ ಬಿಟ್ಟು ಬಂದು ಶನಿವಾರದ ವರದಿ ತೆರೆದೆ. ಕೊನೆಯಿಂದ ಎರಡನೆಯ ಸಾಲಿನಲ್ಲಿ, ಬೆನ್ನುಮೂಳೆಯಲ್ಲಿ ಸವೆತ ಎಂದಿತ್ತು. ಅದರ ಕೆಳಗೆ ತಿದ್ದುಪಡಿ ಬರೆದೆ: ಇದು ಸವೆತವಲ್ಲ, ಸೋಂಕು. ಶನಿವಾರವೇ ಕಾಣುತ್ತಿತ್ತು. ನಾನು ಗುರುತಿಸಲಿಲ್ಲ. ತಿದ್ದಿದ ದಿನದ ತಾರೀಖು ಹಾಕಿ ಸಹಿ ಮಾಡಿದೆ.